ನೆರೆಮನೆಯ ಪಾಯ

2025ರ ಅಕ್ಟೋಬರ್ ತಿಂಗಳಿನಲ್ಲಿ ಬಲಗಣ್ಣಿನ ಪೊರೆಯನ್ನು ತೆಗೆಸಿಕೊಳ್ಳುವ ನಿಮಿತ್ತ ನಾವು ಬೆಂಗಳೂರಿಗೆ ಹೋಗಿ, ನಗರದ ಹೊರವಲಯದ ಬಡಾವಣೆಯೊಂದರಲ್ಲಿರುವ ಶಿಷ್ಯರ ಮನೆಯಲ್ಲಿ ಮೂರು ವಾರಗಳ ಕಾಲ ತಂಗಬೇಕಾಯಿತು. ಓದಬಾರದು, ಬರೆಯಬಾರದು, ತಲೆ ಬಗ್ಗಿಸಬಾರದು ಎಂಬುದು ವೈದ್ಯರ ಕಟ್ಟಪ್ಪಣೆ. ಓದು ಬರಹಗಳಿಲ್ಲದೆ ದಿನ ಕಳೆದು ಅಭ್ಯಾಸವಿಲ್ಲದ ನಮಗೆ ಉಳಿದುದು ಮಹಡಿಯ ಮೇಲಿನ ಕೋಣೆಯ ಕಿಟಕಿಯೊಂದೇ. ಪೂಜೆ ಪ್ರಸಾದಗಳಾದ ಮೇಲೆ ಅಲ್ಲಿ ಬೆತ್ತದ ಕುರ್ಚಿಯಲ್ಲಿ ಕುಳಿತು ಹೊಸ ಕಣ್ಣಿಗೆ ಕಂಡುದನ್ನು ನೋಡುತ್ತಿದ್ದೆವು. ಕಂಡುದು ನೆರೆಯ ನಿವೇಶನದ ಗುಂಡಿ.

ಮೂವತ್ತು ನಲವತ್ತರ ಆ ನಿವೇಶನದಲ್ಲಿ ಕೆಳಗೆ ವಾಹನಗಳಿಗೆ ನೆಲಮಾಳಿಗೆ, ಮೇಲೆ ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳು ಏಳಲಿದ್ದುವು. ಎರಡು ದಿನಗಳಲ್ಲಿ ಜೆಸಿಬಿ ಯಂತ್ರವು ಹನ್ನೆರಡು ಅಡಿಗಳಷ್ಟು ಆಳ ತೋಡಿ ಹಾಕಿತ್ತು. ಚಾಕುವಿನಿಂದ ಕೊಯ್ದಂತೆ ನಾಲ್ಕೂ ಬದಿಗಳು ನೆಟ್ಟಗೆ ನಿಂತಿದ್ದುವು. ಎಲ್ಲಿಯೂ ಇಳಿಜಾರಿಲ್ಲ, ಹಲಗೆಯ ಆಸರೆಯಿಲ್ಲ. ತೋಡಿದ ಮಣ್ಣಿನಲ್ಲಿ ಅರ್ಧವನ್ನು ಲಾರಿಗಳು ಸಾಗಿಸಿದ್ದರೆ ಉಳಿದರ್ಧ ಗುಂಡಿಯ ಅಂಚಿನಲ್ಲಿಯೇ ಗುಡ್ಡೆಯಾಗಿ ಬಿದ್ದಿತ್ತು. ಶಿಷ್ಯರ ಮನೆಯ ಆವರಣದ ಗೋಡೆಗೂ ಆ ಅಂಚಿಗೂ ಒಂದು ಗೇಣಿನ ಅಂತರ. ತಳದಲ್ಲಿ ಐವರು ಗಂಡಸರು, ಮೂವರು ಹೆಂಗಸರು ಕಂಬಿ ಕಟ್ಟುತ್ತ, ಬಾಂಡ್ಲಿಯಲ್ಲಿ ಜಲ್ಲಿ ಹೊರುತ್ತ ಇದ್ದರು. ಇಳಿಯುವುದಕ್ಕೆ, ಏರುವುದಕ್ಕೆ ಇದ್ದುದು ಒಂದೇ ಒಂದು ಏಣಿ. ಮಣ್ಣಿನ ಗುಡ್ಡೆಯ ಮಗ್ಗುಲಿಗೆ ತಗಡಿನ ಶೆಡ್ಡು. ಅದರ ಮುಂದೆ ನಾಲ್ಕೈದು ವರ್ಷದ ಹೆಣ್ಣು ಮಗುವೊಂದು ಸಿಮೆಂಟಿನ ಖಾಲಿ ಚೀಲ ಹಾಸಿಕೊಂಡು ಆಡುತ್ತಿತ್ತು. ಅಂದು ಸಂಜೆಯೇ ಮಳೆ ಹಿಡಿಯಿತು.

ಮರುದಿನ ಬೆಳಿಗ್ಗೆ ಆವರಣದ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿತು. ಮೊದಲು ಕಂಡವರು ಶಿಷ್ಯರ ಮಡದಿ, ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವರು ಪತಿಯನ್ನು ಕರೆದು ತೋರಿಸಿದರು. ಶಿಷ್ಯರು ನಮ್ಮ ಬಳಿ ಬಂದು, ಧ್ವನಿ ತಗ್ಗಿಸಿ, "ಗುರುಗಳೆ, ಅವರು ಬೇರೆಯವರಲ್ಲ, ನಮ್ಮವರೇ. ಅವರ ಮನೆಯ ಮದುವೆ ಮುಂಜಿಗಳಲ್ಲಿ ಉಂಡಿದ್ದೇವೆ. ನಾಳೆ ಮಗನಿಗೆ ಹೆಣ್ಣು ನೋಡಬೇಕಾದರೂ ಅವರ ಮಾತು ಬೇಕು. ದೂರು ಕೊಟ್ಟರೆ ಹೊಟ್ಟೆಕಿಚ್ಚು ಎನ್ನುತ್ತಾರೆ" ಎಂದರು. ಅವರು ಹೇಳದೆ ಬಿಟ್ಟ ಮಾತೊಂದಿತ್ತು. ಅದು ನಮಗೂ ಗೊತ್ತಿತ್ತು. ಆ ಯಜಮಾನರು ನಮ್ಮ ವಿದ್ಯಾರ್ಥಿನಿಲಯಕ್ಕೆ ಎರಡು ಕೋಣೆಗಳನ್ನು ಕಟ್ಟಿಸಿಕೊಟ್ಟವರು. ಆ ಸಮಾರಂಭದಲ್ಲಿ ಅವರ ಔದಾರ್ಯವನ್ನು ಕುರಿತು ಅರ್ಧ ಗಂಟೆ ಮಾತನಾಡಿದವರು ನಾವೇ. ಮೂರು ದಿನ ನಾವೂ ಕಿಟಕಿಯಿಂದ ಕಣ್ಣು ತೆಗೆದು ಕುಳಿತೆವು.

ಈ ಮೂರು ದಿನಗಳ ಮೌನವನ್ನು ಓದುಗರ ಮುಂದೆ ಒಪ್ಪಿಕೊಳ್ಳದೆ ಮುಂದಿನ ಮಾತನ್ನು ಆಡುವ ಅಧಿಕಾರ ನಮಗಿಲ್ಲ.

ಇಂಥದೇ ಮೌನ ನಮ್ಮಿಂದ ಹಿಂದೊಮ್ಮೆ ಆಗಿತ್ತು. 1998ರಲ್ಲಿ ನಮ್ಮ ಕಡೆಯ ಊರೊಂದರಲ್ಲಿ ಸಮುದಾಯದ ಕಲ್ಯಾಣ ಮಂಟಪ ಏಳುತ್ತಿದ್ದಾಗ ನಾವು ಕಟ್ಟಡ ಸಮಿತಿಯ ಸದಸ್ಯರಾಗಿದ್ದೆವು. ಒಂದು ಸಂಜೆ ಸಾರುವೆಯ ಕೆಳಗೆ ನಡೆದು ಹೋಗುವಾಗ ಕಟ್ಟಿನ ಹಗ್ಗವೊಂದು ಸಡಿಲಗೊಂಡು ಜೋಲುತ್ತಿದ್ದುದನ್ನು ಕಂಡೆವು. ಮೇಸ್ತ್ರಿಗೆ ಹೇಳಬೇಕೆಂದುಕೊಂಡೆವು, ಪ್ರವಚನದ ಹೊತ್ತಾಗಿತ್ತು, ಹೇಳದೆ ನಡೆದೆವು. ಮರುದಿನ ಹಲಗೆ ಜಾರಿ ಇಟ್ಟಿಗೆ ಹೊರುತ್ತಿದ್ದ ಹೆಣ್ಣುಮಗಳೊಬ್ಬಳು ಬಿದ್ದಳು. ಪ್ರಾಣ ಉಳಿಯಿತು, ಬೆನ್ನು ಉಳಿಯಲಿಲ್ಲ. ಸಮಿತಿ ಸೇರಿ, ಒಂದಿಷ್ಟು ಹಣ ಕೊಟ್ಟು, "ದೈವೇಚ್ಛೆ" ಎಂದು ಠರಾವಿನಲ್ಲಿ ಬರೆದುಕೊಂಡೆವು. ಆ ವಾಕ್ಯವನ್ನು ರಚಿಸಿದ ಕೈಯೂ ನಮ್ಮದೇ. ಆಕೆ ಹತ್ತು ಹನ್ನೆರಡು ವರ್ಷ ಜಾತ್ರೆಗೆ ತಪ್ಪದೆ ಬರುತ್ತಿದ್ದಳು. ನಮ್ಮನ್ನು ಕಂಡಾಗಲೆಲ್ಲ ನಮಸ್ಕರಿಸುತ್ತಿದ್ದಳು. ಹಗ್ಗದ ಸಂಗತಿಯನ್ನು ಆಕೆಗೆ ನಾವು ಎಂದೂ ಹೇಳಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ನಾವು ಶಿಷ್ಯರ ಕೈ ಹಿಡಿದು ಕೆಳಗಿಳಿದೆವು. ಮೊದಲು ಯಜಮಾನರಿಗೆ ದೂರವಾಣಿಯಲ್ಲಿ ತಿಳಿಸಿದೆವು. ನೆರೆಯವರಿಗೆ ತಿಳಿಸದೆ ಕಚೇರಿಗೆ ಓಡುವುದು ಸಭ್ಯತೆಯಲ್ಲ. ಆದರೆ ತಿಳಿಸಿದೆವೆಂಬ ನೆವದಲ್ಲಿ ಸುಮ್ಮನಾಗುವುದೂ ಸಭ್ಯತೆಯಲ್ಲ. ಅವರು ವಿನಯದಿಂದಲೇ, "ಎಲ್ಲವನ್ನೂ ಗುತ್ತಿಗೆದಾರರಿಗೆ ವಹಿಸಿದ್ದೇನೆ, ಅವರು ನೋಡಿಕೊಳ್ಳುತ್ತಾರೆ, ತಾವು ವಿಶ್ರಾಂತಿ ತೆಗೆದುಕೊಳ್ಳಿ" ಎಂದರು. ಗುತ್ತಿಗೆದಾರರು ಮೇಸ್ತ್ರಿಗೆ ವಹಿಸಿದ್ದರು. ಮೇಸ್ತ್ರಿ ಗುಂಡಿಯ ಅಂಚಿನಲ್ಲಿ ನಿಂತು ನಕ್ಕ: "ಸ್ವಾಮೀ, ಮೂವತ್ತು ವರ್ಷದಿಂದ ಪಾಯ ತೋಡಿಸ್ತಾ ಇದೀನಿ. ಇದು ಗಟ್ಟಿ ಮಣ್ಣು, ಕಲ್ಲಿನ ಹಾಗೆ."

ಆತನ ಅನುಭವವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಬೆಂಗಳೂರಿನ ಕೆಂಪು ಮಣ್ಣು ಒಣಗಿದ್ದಾಗ ಗೋಡೆಯಂತೆ ನಿಲ್ಲುವುದು ನಿಜ. ಮೋಸ ಇರುವುದೂ ಅಲ್ಲಿಯೇ. ನಿಂತಿದೆ ಎಂಬುದನ್ನು ಕಂಡವನು ನಿಲ್ಲುತ್ತದೆ ಎಂದುಕೊಳ್ಳುತ್ತಾನೆ. ಮಳೆಯ ನೀರು ಮೇಲಿನಿಂದ ಇಂಗಿದಂತೆ ಮಣ್ಣಿನ ತೂಕ ಹೆಚ್ಚುತ್ತದೆ, ಕಣಗಳ ಹಿಡಿತ ಕುಗ್ಗುತ್ತದೆ. ಅಂಚಿನಲ್ಲಿ ಒಟ್ಟಿದ ಗುಡ್ಡೆ ಮೇಲಿನಿಂದ ಒತ್ತುತ್ತದೆ. ಲಾರಿಗಳ ಓಡಾಟ ಅದುರಿಸುತ್ತದೆ. ಕುಸಿಯುವುದಕ್ಕೆ ಒಂದೆರಡು ಕ್ಷಣ ಸಾಕು, ಓಡುವುದಕ್ಕೆ ಆ ಕ್ಷಣಗಳು ಸಾಲವು. ಒಂದು ಮೀಟರು ಉದ್ದ, ಒಂದು ಮೀಟರು ಅಗಲ, ಒಂದು ಮೀಟರು ಎತ್ತರದ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಎದೆಯ ಮಟ್ಟಕ್ಕೆ ಹೂತವನ ತಲೆ ಹೊರಗಿದ್ದರೂ ಉಸಿರಾಡಲು ಎದೆ ಅರಳುವುದಿಲ್ಲ. ಹಾರೆ ಗುದ್ದಲಿ ಹಿಡಿದು ಬಿಡಿಸಲು ಹೋದವರ ಮೇಲೆ ಎರಡನೆಯ ಪದರ ಬೀಳುವುದುಂಟು.

ಈ ಕಾರಣಕ್ಕಾಗಿಯೇ ಭಾರತೀಯ ಮಾನಕ ಸಂಸ್ಥೆಯು ಅಗೆತದ ಕೆಲಸದ ಸುರಕ್ಷತೆಗೆ ಐಎಸ್ 3764 ಎಂಬ ಪ್ರತ್ಯೇಕ ಸಂಹಿತೆಯನ್ನು ರೂಪಿಸಿದೆ. ಮಣ್ಣಿನಲ್ಲಿ ತೋಡುವ ಕಂದಕ ಒಂದೂವರೆ ಮೀಟರಿಗಿಂತ, ಅಂದರೆ ಸುಮಾರು ಐದು ಅಡಿಗಿಂತ, ಆಳವಾದರೆ ಬದಿಗಳಿಗೆ ಹಲಗೆ ತೊಲೆಗಳ ಆಸರೆ ಕೊಡಬೇಕು. ತೋಡಿದ ಮಣ್ಣನ್ನು ಅಂಚಿನಿಂದ ಒಂದೂವರೆ ಮೀಟರು ಅಥವಾ ಆಳದ ಅರ್ಧದಷ್ಟು, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ದೂರ ಹಾಕಬೇಕು ಎಂದು ಅದರಲ್ಲಿದೆ. ನಾವು ಕಂಡ ಗುಂಡಿ ಹನ್ನೆರಡು ಅಡಿ, ಆಸರೆ ಇಲ್ಲ, ಮಣ್ಣು ಅಂಚಿನಲ್ಲಿ. ಮೇಸ್ತ್ರಿಯ ಮೂವತ್ತು ವರ್ಷ ಒಂದು ಕಡೆ, ಈ ಮೂರು ಸಂಗತಿಗಳು ಒಂದು ಕಡೆ.

ಬೆಂಗಳೂರಿಗೆ ಇದು ಹೊಸ ಪಾಠವಲ್ಲ. 1983ರ ಸೆಪ್ಟೆಂಬರ್ 12ರಂದು ಸುಬೇದಾರ್ ಛತ್ರಂ ರಸ್ತೆಯ ಕಪಾಲಿ ಚಿತ್ರಮಂದಿರದ ಬಳಿ ನಿರ್ಮಾಣದಲ್ಲಿದ್ದ ಗಂಗಾರಾಂ ಕಟ್ಟಡ ಕುಸಿದಾಗ ನಾವು ಚಾಮರಾಜಪೇಟೆಯಲ್ಲಿ ಸಂಸ್ಕೃತ ವ್ಯಾಸಂಗ ಮಾಡುತ್ತಿದ್ದ ತರುಣರು. ಆ ದುರಂತದಲ್ಲಿ 120ಕ್ಕೂ ಹೆಚ್ಚು ಮಂದಿ ಮಡಿದರು. ಸಹಪಾಠಿಗಳೊಡನೆ ನಡೆದು ಹೋಗಿ ದೂರದಿಂದ ಆ ರಾಶಿಯನ್ನು ಕಂಡ ನೆನಪು ಇಂದಿಗೂ ಮಾಸಿಲ್ಲ. ಸದ್ದಡಗಿಸಿ ಎಂದು ಯಾರೋ ಕೂಗಿದಾಗ ಅಷ್ಟು ದೊಡ್ಡ ಜನಸ್ತೋಮ ಒಮ್ಮೆಲೇ ಮೌನವಾದುದು, ಕಲ್ಲಿನ ಅಡಿಯಿಂದ ಯಾವುದಾದರೂ ದನಿ ಬಂದೀತೇ ಎಂದು ಕಿವಿಗೊಟ್ಟುದು. 2019ರ ಮಾರ್ಚ್ 19ರಂದು ನಮ್ಮ ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ಮುಗಿಯದ ಬಹುಮಹಡಿ ಕಟ್ಟಡ ಬಿದ್ದು 19 ಮಂದಿ ಸತ್ತರು. 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ಮೆಟ್ರೋ ಕಂಬಕ್ಕಾಗಿ ನಿಲ್ಲಿಸಿದ್ದ ಕಬ್ಬಿಣದ ಕಂಬಿಗಳ ಹಂದರ ರಸ್ತೆಗೆ ಉರುಳಿ, ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ತಾಯಿಯೂ ಎರಡೂವರೆ ವರ್ಷದ ಕಂದನೂ ಅಸುನೀಗಿದರು. 2024ರ ಅಕ್ಟೋಬರ್ 22ರ ಮಳೆಯಲ್ಲಿ ಬಾಬುಸಾಪಾಳ್ಯದಲ್ಲಿ ನಿರ್ಮಾಣದಲ್ಲಿದ್ದ ಕಟ್ಟಡವೊಂದು ನೆಲಸಮವಾಗಿ ಒಂಬತ್ತು ಜನ ಹೋದರು. ದೂರದೂರದಿಂದ ಕೂಲಿಗೆ ಬಂದವರು ಅವರಲ್ಲಿ ಇದ್ದರು.

ಇಷ್ಟಾದ ಮೇಲೆ ಕಾನೂನಿಲ್ಲವೆ ಎಂದು ಕೇಳಬಹುದು. ಕಾನೂನು ಉಂಟು. ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಶಾಸನವು 1996ರಲ್ಲಿಯೇ ಬಂದಿತು. ಅದನ್ನು ಒಳಗೊಂಡ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯನ್ನು ಸಂಸತ್ತು 2020ರಲ್ಲಿ ಅಂಗೀಕರಿಸಿತು. 2025ರ ನವೆಂಬರ್ 21ರಿಂದ ಅದು ಜಾರಿಗೆ ಬಂದಿದೆ. ಸನ್ನಿಹಿತ ಅಪಾಯವನ್ನು ಕಂಡ ಕಾರ್ಮಿಕನು ಅದನ್ನು ಮಾಲೀಕನ ಗಮನಕ್ಕೂ ತನಿಖಾಧಿಕಾರಿಯ ಗಮನಕ್ಕೂ ತರುವ ಹಕ್ಕನ್ನು ಆ ಸಂಹಿತೆ ಕೊಟ್ಟಿದೆ. ಹಕ್ಕು ಕಾಗದದಲ್ಲಿದೆ, ಯಾದಗಿರಿಯಿಂದ ಬಂದು ಮೇಸ್ತ್ರಿಯ ಮುಂಗಡ ತೀರಿಸುತ್ತಿರುವವನು ಅದನ್ನು ಯಾವ ಬಾಯಿಂದ ಚಲಾಯಿಸಬೇಕು ಎಂಬ ಪ್ರಶ್ನೆ ಬೇರೆ. ಅದಲ್ಲದೆ ಹತ್ತು ಜನರಿಗಿಂತ ಕಡಿಮೆ ಕೆಲಸಗಾರರಿರುವ ಸಣ್ಣ ಕೆಲಸಗಳು ಆ 1996ರ ಶಾಸನದ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ನೆರೆಯ ಗುಂಡಿಯಲ್ಲಿದ್ದವರು ಎಂಟೇ ಜನ. ಸ್ವಂತ ವಾಸಕ್ಕೆ ಕಟ್ಟಿಕೊಳ್ಳುವ ಮನೆಗೂ ವಿನಾಯಿತಿ ಇತ್ತು, ವೆಚ್ಚ 10 ಲಕ್ಷ ರೂಪಾಯಿಗಳ ಒಳಗಿದ್ದರೆ. ಹೊಸ ಸಂಹಿತೆಯಲ್ಲಿ ಆ ಮಿತಿ 50 ಲಕ್ಷಕ್ಕೆ ಏರಿದೆ. ಮಧ್ಯಮ ವರ್ಗದವರಿಗೆ ತೊಂದರೆಯಾಗಬಾರದೆಂಬ ಉದ್ದೇಶ ಇದ್ದೀತು. ಆದರೆ ಮನೆಯ ಅಂದಾಜು ಪಟ್ಟಿಯನ್ನು ಓದಿಕೊಂಡು ಮಣ್ಣು ಬೀಳುವುದಿಲ್ಲವಷ್ಟೆ. ದೊಡ್ಡ ಸಮುಚ್ಚಯಗಳಿಗೆ ಸುರಕ್ಷತಾಧಿಕಾರಿಗಳು ಇರುತ್ತಾರೆ, ನಮ್ಮ ನಿಮ್ಮ ಬೀದಿಯ ಮನೆಗೆ ಪಕ್ಕದ ಮನೆಯವರ ಕಣ್ಣೇ ತನಿಖಾಧಿಕಾರಿ.

ಆ ಕಣ್ಣಿಗೆ ಬೆಂಬಲವಾಗಿ ಬೇರೆ ಕಾನೂನುಗಳಿವೆ ಎಂಬುದನ್ನು ಗೃಹಸ್ಥರು ತಿಳಿದಿರುವುದು ಒಳ್ಳೆಯದು. ಕಟ್ಟಡವನ್ನು ಕಟ್ಟುವಾಗ, ದುರಸ್ತಿ ಮಾಡುವಾಗ, ಕೆಡವುವಾಗ ಅದು ಬಿದ್ದು ಜೀವಕ್ಕೆ ಅಪಾಯವಾಗದಂತೆ ಎಚ್ಚರ ವಹಿಸದಿರುವುದು ಭಾರತೀಯ ನ್ಯಾಯ ಸಂಹಿತೆಯ 290ನೆಯ ಕಲಮಿನ ಪ್ರಕಾರ ಅಪರಾಧ. ಯಾರಾದರೂ ಸಾಯುವವರೆಗೆ ಕಾಯಬೇಕಾಗಿಲ್ಲ. ಬೀಳುವಂತಿರುವ ಕಟ್ಟಡವನ್ನು ಸರಿಪಡಿಸಲು, ದಾರಿಯ ಮಗ್ಗುಲಿನ ಗುಂಡಿಗೆ ಬೇಲಿ ಹಾಕಿಸಲು ಆದೇಶ ನೀಡುವ ಅಧಿಕಾರ ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗೆ ಉಂಟು. ಮಂಜೂರಾದ ನಕ್ಷೆಯ ಪ್ರತಿಯನ್ನು ಕೆಲಸ ಮುಗಿಯುವವರೆಗೂ ಸ್ಥಳದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕೆಂದು ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಹೇಳಿದೆ. ಫಲಕವಿಲ್ಲದಿದ್ದರೆ ಕೇಳಬಹುದು. ಕೇಳಿದರೂ ಕೊಡದಿದ್ದರೆ ಮಾಹಿತಿ ಹಕ್ಕಿನ ಅಡಿಯಲ್ಲಿ 10 ರೂಪಾಯಿ ಶುಲ್ಕದೊಡನೆ ಪಾಲಿಕೆಗೆ ಅರ್ಜಿ ಹಾಕಬಹುದು. ನಮ್ಮ ರಾಜ್ಯದಲ್ಲಿ ಆ ಅರ್ಜಿ 150 ಪದಗಳನ್ನು ಮೀರಬಾರದು. ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರ ಬರಬೇಕು. ವ್ಯಕ್ತಿಯ ಜೀವಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆಗಳಲ್ಲಿ.

ಇನ್ನು ದೂರನ್ನು ಬರೆಯುವ ಬಗೆ. ಇದನ್ನು ನಾವು ಕಲಿತುದು ಆ ಗಣಿತದ ತಾಯಿಯಿಂದ. ಶಿಷ್ಯರು ಇನ್ನೂ ಹಿಂಜರಿಯುತ್ತಿದ್ದಾಗ ಆಕೆ, "ಗುರುಗಳೆ, ಆ ಮಗುವಿನ ಹೆಸರು ಭಾಗ್ಯ ಅಂತ. ನಾನು ದಿನಾ ಅದಕ್ಕೆ ಬಿಸ್ಕತ್ತು ಕೊಡ್ತೀನಿ. ಏನಾದರೂ ಆದರೆ ನಾನು ಈ ಮನೇಲಿ ಹೇಗಿರಲಿ?" ಎಂದು ಹೇಳಿ, ಕಾಗದ ತೆಗೆದುಕೊಂಡು ಕುಳಿತರು. ಪೀಠಿಕೆಯಿಲ್ಲ, ಯಜಮಾನರ ನಿಂದೆಯಿಲ್ಲ, ಇಲಾಖೆಯ ನಿಂದೆಯೂ ಇಲ್ಲ. ನಿವೇಶನದ ಸಂಖ್ಯೆ, ಅಡ್ಡರಸ್ತೆ, ಎದುರಿಗಿರುವ ಅಂಗಡಿ. ಅಗೆತ ಎಂದು ಆರಂಭವಾಯಿತು. ಎಷ್ಟು ಆಳ, ಎಷ್ಟು ಜನ ಕೆಳಗಿದ್ದಾರೆ, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ. ಯಾವ ರಾತ್ರಿ ಮಳೆ ಬಂದಿತು. ಬಿರುಕಿನ ಎರಡೂ ತುದಿಗಳಿಗೆ ಸೀಸದಕಡ್ಡಿಯಿಂದ ಗೆರೆ ಹಾಕಿ ದಿನಾಂಕ ಬರೆದಿಟ್ಟಿದ್ದರು. ಮೂರು ದಿನಗಳಲ್ಲಿ ಅದು ಗೆರೆಯನ್ನು ದಾಟಿ ನಾಲ್ಕು ಬೆರಳು ಮುಂದೆ ಹೋಗಿತ್ತು. ಬಿರುಕು ಬೆಳೆಯುತ್ತಿದೆಯೋ ಇಲ್ಲವೋ ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಛಾಯಾಚಿತ್ರ ತೆಗೆಯುವಾಗ ಗೋಡೆಗೆ ಅಳತೆಪಟ್ಟಿ ಒರಗಿಸಿ ತೆಗೆದರು. ಕೆಲಸಗಾರರ ಹೆಸರನ್ನು ಮಾತ್ರ ಎಲ್ಲಿಯೂ ಬರೆಯಲಿಲ್ಲ, ಅವರ ಅನ್ನಕ್ಕೆ ಕುತ್ತು ಬರಬಾರದೆಂದು. ಕೊನೆಯಲ್ಲಿ ತಮ್ಮದೇ ಹೆಸರು, ಸಹಿ. ಶಿಷ್ಯರು ಸ್ವಲ್ಪ ಹೊತ್ತು ನೋಡುತ್ತಿದ್ದು, ಅದರ ಕೆಳಗೆ ತಾವೂ ಸಹಿ ಹಾಕಿದರು. ನಾವೂ ಹಾಕಿದೆವು, ಕಣ್ಣಿಗೆ ಕಟ್ಟಿದ್ದ ಹಸಿರು ಬಟ್ಟೆಯಿಂದಾಗಿ ಅದು ಗೆರೆಯಿಂದ ಕೆಳಕ್ಕೆ ಜಾರಿತು.

ಒಂದು ಪ್ರತಿ ನಗರಪಾಲಿಕೆಯ ಸ್ಥಳೀಯ ಎಂಜಿನಿಯರರಿಗೆ, ಒಂದು ಕಾರ್ಮಿಕ ಇಲಾಖೆಗೆ, ಒಂದು ಪೊಲೀಸ್ ಠಾಣೆಗೆ. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಒಂದು ಪಾಲಿಕೆ ಐದಾದ ಮೇಲೆ ನಮ್ಮ ಬೀದಿ ಯಾವುದಕ್ಕೆ ಸೇರಿತು ಎಂದು ಕೇಳಿ ತಿಳಿಯುವುದರಲ್ಲಿಯೇ ಅರ್ಧ ದಿನ ಹೋಯಿತೆಂಬುದನ್ನೂ ಹೇಳಿಬಿಡುತ್ತೇವೆ. ಮೂರು ಕಡೆಯೂ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬಂದರು. ಮುದ್ರೆಯಿಲ್ಲದ ಪತ್ರ ಬರೆಯದ ಪತ್ರಕ್ಕೆ ಸಮ. ಕಾರ್ಮಿಕರಿಗೆ ಸಂಬಂಧಿಸಿದ ವಿಷಯಗಳಿಗೆ ರಾಜ್ಯದ ಕಾರ್ಮಿಕ ಸಹಾಯವಾಣಿ 155214 ಇದೆ. ಗುಂಡಿಯ ಅಂಚಿನಲ್ಲಿ ನೆಲ ಸೀಳತೊಡಗಿದರೆ, ಬದಿಯಿಂದ ನೀರು ಜಿನುಗಿ ಹೆಂಟೆಗಳು ಉದುರತೊಡಗಿದರೆ, ಬಾಗಿಲುಗಳು ಇದ್ದಕ್ಕಿದ್ದಂತೆ ಬಿಗಿದುಕೊಂಡರೆ ಪತ್ರ ಬರೆಯುತ್ತ ಕೂರಬಾರದು. ಮೊದಲು ಕೆಳಗಿದ್ದವರನ್ನು ಕೂಗಿ ಮೇಲಕ್ಕೆ ಕರೆಯಬೇಕು, ಆಮೇಲೆ 112ಕ್ಕೆ ಕರೆ ಮಾಡಬೇಕು.

ನಾಲ್ಕು ದಿನಗಳ ಬಳಿಕ ಪಾಲಿಕೆಯ ಎಂಜಿನಿಯರರು ಬಂದರು. ತರುಣರು, ಕೆಲಸ ತಿಳಿದವರು. ಅಂಚಿನಲ್ಲಿ ನಿಂತು ಒಂದು ನಿಮಿಷ ನೋಡಿ, ಕೆಳಗಿದ್ದವರನ್ನೆಲ್ಲ ಮೇಲಕ್ಕೆ ಹತ್ತಿಸಿದರು. ಮಣ್ಣಿನ ಗುಡ್ಡೆ ತೆಗೆಯುವವರೆಗೆ, ಆಸರೆ ಕಟ್ಟುವವರೆಗೆ ಕೆಲಸ ಕೂಡದೆಂದು ಬರೆದುಕೊಟ್ಟರು. ಶೆಡ್ಡನ್ನು ಬೀದಿಯ ಬದಿಗೆ ಸರಿಸಿದರು. ಒಂಬತ್ತು ದಿನ ಕೆಲಸ ನಿಂತಿತು.

ಮೂರನೆಯ ದಿನ ಸಂಜೆ ಕೆಲಸಗಾರರಲ್ಲಿ ಹಿರಿಯನೊಬ್ಬ ಮನೆಯ ಗೇಟಿನ ಬಳಿ ಬಂದು ನಿಂತ. ಶಹಾಪುರದ ಕಡೆಯವನು, ಭಾಗ್ಯಳ ತಂದೆ. ಒಳಗೆ ಬಾ ಎಂದರೆ ಬರಲಿಲ್ಲ. "ಅಜ್ಜಾರ, ನೀವು ಬರದ ಕಾಗದಕ್ಕ ನಮ್ಮ ಕೂಲಿ ಹೋತ್ರಿ. ಮಣ್ಣು ಬಿದ್ದು ಸಾಯೂದು ನಾಳಿ ಮಾತು. ಇವತ್ತಿನ ಹಿಟ್ಟಿನ ಮಾತು ಏನ್ರಿ?" ಎಂದ. ಕೋಪದಿಂದ ಹೇಳಲಿಲ್ಲ, ಲೆಕ್ಕ ಕೇಳುವವನಂತೆ ಹೇಳಿದ. ನಲವತ್ತು ವರ್ಷ ಕಾಯಕ ದಾಸೋಹಗಳನ್ನು ಕುರಿತು ಪ್ರವಚನ ಮಾಡಿದ ನಮ್ಮ ಬಳಿ ಆ ಹೊತ್ತಿಗೆ ಉತ್ತರವಿರಲಿಲ್ಲ. ಪತ್ರ ಬರೆಯುವಾಗ ಅಂಚು, ಆಳ, ಬಿರುಕು ಎಲ್ಲವನ್ನೂ ಅಳೆದಿದ್ದೆವು. ಕೆಲಸ ನಿಂತರೆ ಎಂಟು ಒಲೆಗಳು ಏನಾಗುತ್ತವೆ ಎಂಬುದನ್ನು ಅಳೆದಿರಲಿಲ್ಲ. ಅಂದು ರಾತ್ರಿಯೇ ಯಜಮಾನರಿಗೆ ಮತ್ತೆ ಫೋನು ಮಾಡಿದೆವು. ತಪ್ಪು ಕೆಲಸಗಾರರದಲ್ಲ, ನಿಂತ ದಿನಗಳ ಕೂಲಿಯನ್ನು ಕೊಡಿಸಬೇಕು ಎಂದು ಕೇಳಿದೆವು. ಅತ್ತ ಕಡೆ ಬಹಳ ಹೊತ್ತು ಮಾತಿರಲಿಲ್ಲ. ಕೊನೆಗೆ ಅರ್ಧ ಕೂಲಿ ಕೊಡಿಸಿದರು. ಉಳಿದರ್ಧವನ್ನು ಶಿಷ್ಯರ ಮನೆಯವರೂ ನಾವೂ ಹಂಚಿಕೊಂಡೆವು. ದೂರು ಕೊಡುವವರು ಈ ವೆಚ್ಚವನ್ನೂ ಎಣಿಸಿಕೊಳ್ಳಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಮಾಲೀಕರೊಡನೆ ಆಡುವ ಮೊದಲ ಮಾತಿನಲ್ಲಿಯೇ ಕೂಲಿಯ ಮಾತನ್ನೂ ಸೇರಿಸಬೇಕಿತ್ತು ಎಂಬುದು ಈಗ ತಿಳಿದಿದೆ.

ಗುಂಡಿ ಕುಸಿಯಲಿಲ್ಲ. ಆಸರೆ ಕಟ್ಟಿದರು, ಮಣ್ಣು ಸಾಗಿಸಿದರು, ಸುತ್ತಣ ಗೋಡೆಯನ್ನು ಎಬ್ಬಿಸಿದರು; ಈಗ ಅಲ್ಲಿ ಎರಡನೆಯ ಅಂತಸ್ತಿನ ಮೋಲ್ಡು ಆಗಿದೆಯಂತೆ. ಯಜಮಾನರು ಪರಿಚಿತರೊಡನೆ, "ಏನೂ ಆಗುತ್ತಿರಲಿಲ್ಲ, ಹಿರಿಯರು ಸುಮ್ಮನೆ ಹೆದರಿ ನಮ್ಮ ಹೆಸರು ಕೆಡಿಸಿದರು" ಎಂದು ಹೇಳುತ್ತಿದ್ದಾರೆಂದು ಕೇಳಿದೆವು. ಅವರ ಮಾತನ್ನು ಸುಳ್ಳೆಂದು ತೋರಿಸಲು ನಮ್ಮ ಬಳಿ ಏನೂ ಇಲ್ಲ. ಬಿದ್ದಿದ್ದರೆ ಸಾಕ್ಷಿ ಇರುತ್ತಿತ್ತು. ಬೀಳದಂತೆ ತಡೆದ ಕೆಲಸಕ್ಕೆ ಸಾಕ್ಷಿ ಇರುವುದಿಲ್ಲ. 1998ರ ಆ ಹಗ್ಗವನ್ನು ನಾವು ಬಿಗಿಸಿದ್ದರೂ ನಮಗೆ ಯಾರೂ ಕೃತಜ್ಞರಾಗುತ್ತಿರಲಿಲ್ಲ, ಆಕೆಯೂ ಸಹ.

ನಮ್ಮ ಸಂಸ್ಥೆಗಳ ಮಾತೊಂದು ಉಳಿದಿದೆ. ಇಂದು ಯಾವ ಊರಿಗೆ ಹೋದರೂ ನಮ್ಮವರ ಸಮುದಾಯ ಭವನ, ಪ್ರಸಾದ ನಿಲಯ, ಶಾಲೆಗಳ ಕೊಠಡಿಗಳು ಏಳುತ್ತಲೇ ಇರುತ್ತವೆ. ಅಡಿಗಲ್ಲಿನ ಮೇಲೆ ದಾನಿಗಳ ಹೆಸರು ಕೆತ್ತಿಸುವ ಸಮಿತಿಗಳು ವಾರಕ್ಕೊಮ್ಮೆ ಸ್ಥಳಕ್ಕೆ ಹೋಗಿ ಸಾರುವೆ ಭದ್ರವಿದೆಯೆ, ತೆರೆದ ಮೆಟ್ಟಿಲಿಗೆ ತಡೆಯಿದೆಯೆ, ವಿದ್ಯುತ್ ತಂತಿ ಎಷ್ಟು ದೂರ, ಛಾವಣಿಯ ಆಸರೆಗಳನ್ನು ದಿನ ತುಂಬುವ ಮೊದಲೇ ಕಿತ್ತಿದ್ದಾರೆಯೆ ಎಂದು ನೋಡುವುದು ಅಪರೂಪ. ಹದಿನೈದು ಅಡಿಗಿಂತ ಕಡಿಮೆ ಹರವಿನ ಛಾವಣಿಗೂ ಆಸರೆಯನ್ನು ಕನಿಷ್ಠ ಏಳು ದಿನ, ಅದಕ್ಕಿಂತ ಹೆಚ್ಚಾದರೆ ಹದಿನಾಲ್ಕು ದಿನ ಬಿಡಬೇಕೆಂಬ ನಿಯಮವಿದೆ. ಉದ್ಘಾಟನೆಯ ಮುಹೂರ್ತ ಸಮೀಪಿಸಿದಾಗ ಈ ದಿನಗಳನ್ನು ಎಣಿಸುವವರು ಯಾರು? ನಾವಿರುವ ವಿದ್ಯಾರ್ಥಿನಿಲಯದ ಮುಂದಿನ ಕಟ್ಟಡಕ್ಕೆ ಈ ಹೊಣೆಯನ್ನು ಒಬ್ಬರ ಹೆಸರಿಗೆ ಬರೆದಿಡಬೇಕೆಂದು ನಾವು ಸಮಿತಿಗೆ ಪತ್ರ ಕೊಟ್ಟಿದ್ದೇವೆ. ಆ ಪತ್ರಕ್ಕೂ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡಿದ್ದೇವೆ, ಸದಸ್ಯರು ನಕ್ಕರು.

ಊರಿಗೆ ಹೊರಡುವ ಮುನ್ನ ಗಣಿತದ ತಾಯಿ ಆ ಶಹಾಪುರದವನ ಕಾಗದಪತ್ರಗಳನ್ನು ಹರಡಿಕೊಂಡು ಕುಳಿತಿದ್ದರು. ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಲು ವಯಸ್ಸು 18ರಿಂದ 60ರ ಒಳಗಿರಬೇಕು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿರುವುದಕ್ಕೆ ದೃಢೀಕರಣ ಬೇಕು. ಹನ್ನೊಂದು ವರ್ಷ ನಗರದಲ್ಲಿ ಕಂಬಿ ಕಟ್ಟಿದವನ ಬಳಿ ತೊಂಬತ್ತು ದಿನಗಳ ಪುರಾವೆ ಇರಲಿಲ್ಲ. ಯಜಮಾನರನ್ನು ಕೇಳಲು ಅವನು ಒಪ್ಪಲಿಲ್ಲ, ನಾವೂ ಒತ್ತಾಯಿಸಲಿಲ್ಲ. ಕೊನೆಗೆ ಆ ಅರ್ಜಿಯನ್ನು ಹಿಡಿದು ಹೋದುದು ಮೂವತ್ತು ವರ್ಷದ ಮೇಸ್ತ್ರಿಯ ಬಳಿಗೆ. ಆತ ಎರಡು ದಿನ ಇಟ್ಟುಕೊಂಡಿದ್ದ. ಮೂರನೆಯ ದಿನ ತಾನೇ ಗೇಟಿಗೆ ತಂದುಕೊಟ್ಟ. ಸಹಿಯ ಕೆಳಗೆ ತನ್ನ ಫೋನು ಸಂಖ್ಯೆಯನ್ನೂ ಬರೆದಿದ್ದ. ಹೊರಟವನು ಮತ್ತೆ ತಿರುಗಿ ಬಂದು, "ಅಮ್ಮಾ, ನನಗೂ ಒಂದು ಆಗುತ್ತಾ ನೋಡಿ" ಎಂದು ಕೇಳಿದ. ಆತನ ವಯಸ್ಸು ಐವತ್ತೆಂಟು.